ಆರತಿ ತಟ್ಟೆಯ ಕೆಂಪು: ಅರಿಶಿನ, ಸುಣ್ಣ ಮತ್ತು ನಿಂಬೆರಸದಲ್ಲಿ ಮಕ್ಕಳಿಗೊಂದು ರಸಾಯನ ಪ್ರಯೋಗ

ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಗಾಗುವುದನ್ನು ಬಟ್ಟೆ ಒಗೆದು ಬಲ್ಲವರೆಲ್ಲರೂ ಕಂಡಿರುತ್ತಾರೆ. ಮದುಮಕ್ಕಳು ಒಳಗೆ ಕಾಲಿಡುವ ಮುನ್ನ ಹೊಸ್ತಿಲಲ್ಲಿ ಎತ್ತುವ ಆರತಿಯ ತಟ್ಟೆಯಲ್ಲಿಯೂ ಇದೇ ಕೆಂಪು ಇರುತ್ತದೆ. ಕೆಲವರು ಓಕುಳಿ ಎಂದೂ ಕರಾವಳಿಯ ಕಡೆ ಕುರ್ದಿ ನೀರು ಎಂದೂ ಕರೆಯುವ ಆ ನೀರಿಗೆ ಕೆಂಪು ಬಣ್ಣದ ಪದಾರ್ಥ ಯಾವುದನ್ನೂ ಹಾಕಿರುವುದಿಲ್ಲ. ಹಳದಿಯ ಅರಿಶಿನಕ್ಕೆ ಬಿಳಿಯ ಸುಣ್ಣ ಸೇರಿರುತ್ತದೆ, ಅಷ್ಟೆ. ಹಳದಿಯೂ ಬಿಳಿಯೂ ಸೇರಿದರೆ ತಿಳಿ ಹಳದಿಯಾಗಬೇಕಲ್ಲವೇ, ಕೆಂಪು ಎಲ್ಲಿಂದ ಬಂತು ಎಂದು ಮಗು ಕೇಳಿದ ದಿನವೇ ಈ ಪ್ರಯೋಗಕ್ಕೆ ಸರಿಯಾದ ದಿನ. ಕೇಳದಿದ್ದರೆ ದೊಡ್ಡವರೇ ಕೇಳಬಹುದು, ಆದರೆ ಉತ್ತರವನ್ನು ಮೊದಲೇ ಹೇಳಿಬಿಡಬಾರದು.

ಮಕ್ಕಳ ಪ್ರಯೋಗವೆಂದರೆ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆಯುಕ್ಕಿಸುವುದು ಎಂಬಂತಾಗಿದೆ. ಅದು ನೋಡಲು ಚೆನ್ನಾಗಿದ್ದರೂ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ, ಉಕ್ಕಿದ ಮೇಲೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಅರಿಶಿನದ ಪ್ರಯೋಗ ಹಾಗಲ್ಲ. ಕೆಂಪಾದದ್ದನ್ನು ಮತ್ತೆ ಹಳದಿ ಮಾಡಬಹುದು, ಹಳದಿಯನ್ನು ಪುನಃ ಕೆಂಪು ಮಾಡಬಹುದು, ಎಷ್ಟು ಹನಿಗೆ ಬದಲಾಯಿತೆಂದು ಎಣಿಸಿ ಬರೆದಿಡಬಹುದು. ಎಂಟು ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ. ಅದಕ್ಕಿಂತ ಚಿಕ್ಕವರು ಪಕ್ಕದಲ್ಲಿ ಕುಳಿತು ನೋಡಲಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅರಿಶಿನ ಪುಡಿ, ಎಲೆ ಅಡಿಕೆಗೆ ಬಳಸುವ ಸುಣ್ಣ, ಒಂದು ನಿಂಬೆಹಣ್ಣು, ಅಡುಗೆ ಸೋಡಾ, ಒಂದು ಟೀ ಚಮಚ, ತೊಳೆದಿಟ್ಟ ಹಳೆಯ ಔಷಧಿಯ ಡ್ರಾಪರ್ ಒಂದೆರಡು, ಮತ್ತು ಒಳಭಾಗ ಬಿಳಿಯಿರುವ ನಾಲ್ಕೈದು ಪಿಂಗಾಣಿ ಬಟ್ಟಲು ಅಥವಾ ಚಹಾದ ಕಪ್ ಸಾಕು. ಬಿಳಿ ಬಟ್ಟಲೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ನಾನು ಇದನ್ನು ಸ್ಟೀಲ್ ಲೋಟದಲ್ಲಿ ಮಾಡಿ ತೋರಿಸಲು ಹೋಗಿದ್ದೆ. ಲೋಟದ ಹೊಳಪಿನಲ್ಲಿ ಹಳದಿಯೂ ಕೆಂಪೂ ಒಂದೇ ಬಗೆಯ ಕಂದಾಗಿ ಕಂಡು, ಎದುರಿಗೆ ಕುಳಿತ ಹುಡುಗಿ ಬಣ್ಣ ಬದಲಾಗಲೇ ಇಲ್ಲವಲ್ಲ ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಪಿಂಗಾಣಿ ಇಲ್ಲದಿದ್ದರೆ ಗಾಜಿನ ಲೋಟವನ್ನು ಬಿಳಿ ಹಾಳೆಯ ಮೇಲಿಟ್ಟುಕೊಳ್ಳಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಮಾತ್ರ ಬಳಸಲೇಬಾರದು, ಏಕೆಂದರೆ ಸುಣ್ಣದ ನೀರು ಆ ಲೋಹವನ್ನು ತಿನ್ನುತ್ತದೆ.

ಸುಣ್ಣದ ಕೆಲಸವನ್ನು ದೊಡ್ಡವರೇ ಮಾಡಬೇಕು. ಇದರಲ್ಲಿ ರಾಜಿ ಬೇಡ. ಅಂಗಡಿಯಲ್ಲಿ ಸಿಗುವ ಪುಟ್ಟ ಪೊಟ್ಟಣದ ಸುಣ್ಣವನ್ನು ಮಕ್ಕಳು ಆಟಕ್ಕೆಂದು ಹಿಚುಕಿ, ಅದು ಸಿಡಿದು ಕಣ್ಣಿಗೆ ಹಾರಿ ದೃಷ್ಟಿಗೇ ಅಪಾಯವಾದ ಪ್ರಸಂಗಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಪೊಟ್ಟಣವನ್ನು ಮಗುವಿನ ಕೈಗೆ ಕೊಡದೆ, ಮುಖದಿಂದ ದೂರ ಹಿಡಿದು ಕತ್ತರಿಯಿಂದ ತುದಿ ಕತ್ತರಿಸಿ ತೆಗೆಯಬೇಕು. ನೀರು ಹಾಕಿದರೆ ಕುದಿಯುವ ಹರಳು ಸುಣ್ಣವನ್ನಂತೂ ಈ ಪ್ರಯೋಗಕ್ಕೆ ತರಲೇಬಾರದು. ಮಗುವಿಗೆ ಕನ್ನಡಕವೊಂದನ್ನು ಹಾಕಿಸಿದರೆ ಒಳ್ಳೆಯದು, ಅಜ್ಜನ ಹಳೆಯ ತಂಪು ಕನ್ನಡಕವಾದರೂ ನಡೆಯುತ್ತದೆ. ಇಷ್ಟಾಗಿಯೂ ಕಣ್ಣಿಗೆ ಸುಣ್ಣ ತಗುಲಿದರೆ ತಡಮಾಡದೆ ನಲ್ಲಿಯ ಹರಿಯುವ ನೀರಿನಲ್ಲಿ ರೆಪ್ಪೆ ತೆರೆದು ಹಿಡಿದು ಕಡಿಮೆಯೆಂದರೆ ಹದಿನೈದು ಇಪ್ಪತ್ತು ನಿಮಿಷ ತೊಳೆದು, ನೇರವಾಗಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸುಣ್ಣಕ್ಕೆ ನಿಂಬೆ ಮದ್ದು ಎಂದು ಮುಂದೆ ಕಲಿಯುವ ಪಾಠವನ್ನು ಕಣ್ಣಿಗೆ ಅನ್ವಯಿಸಬಾರದು ಎಂಬುದನ್ನೂ ಮಗುವಿಗೆ ಈಗಲೇ ಹೇಳಿಡಬೇಕು.

ಪ್ರಯೋಗದ ಹಿಂದಿನ ರಾತ್ರಿ ಮುಚ್ಚಳವಿರುವ ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ನೀರಿಗೆ ಅರ್ಧ ಟೀ ಚಮಚ ಸುಣ್ಣ ಹಾಕಿ, ಮುಚ್ಚಳ ಬಿಗಿದು ಕುಲುಕಿ, ಅಲುಗದಂತೆ ಇಟ್ಟುಬಿಡಬೇಕು. ಬೆಳಿಗ್ಗೆ ನೋಡಿದರೆ ಬಿಳಿಯ ಗಸಿ ತಳ ಸೇರಿ ಮೇಲೆ ತಿಳಿಯಾದ ನೀರು ನಿಂತಿರುತ್ತದೆ. ಸುಣ್ಣ ನೀರಿನಲ್ಲಿ ಕರಗುವುದು ಬಹಳ ಸ್ವಲ್ಪ: ಒಂದು ಲೀಟರ್ ನೀರಿಗೆ ಎರಡು ಗ್ರಾಂ ಕೂಡ ಇಲ್ಲ. ಹೀಗಾಗಿ ಸುಣ್ಣ ತುಸು ಹೆಚ್ಚು ಬಿದ್ದರೂ ತಿಳಿಯ ಶಕ್ತಿ ಹೆಚ್ಚುವುದಿಲ್ಲ, ಉಳಿದದ್ದು ಗಸಿಯಾಗಿ ಕೂರುತ್ತದೆ. ಅಳತೆ ಮಾಡಿ ಮಾಡುವ ಪ್ರಯೋಗಕ್ಕೆ ಇದೊಂದು ಅನುಕೂಲ. ಗಸಿ ಏಳದಂತೆ ತಿಳಿಯನ್ನು ಮಾತ್ರ ಇನ್ನೊಂದು ಬಾಟಲಿಗೆ ಬಸಿದು, ಮುಚ್ಚಳ ಹಾಕಿ, ಮೇಲೆ ‘ಸುಣ್ಣದ ತಿಳಿ, ಕುಡಿಯಬಾರದು’ ಎಂದು ಚೀಟಿ ಅಂಟಿಸಬೇಕು. ನೋಡಲು ಕುಡಿಯುವ ನೀರಿನಂತೆಯೇ ಇರುವುದರಿಂದ ಆ ಚೀಟಿಯನ್ನು ಮರೆಯಬಾರದು.

ಅರಿಶಿನದ ನೀರನ್ನು ಎರಡು ಬಗೆಯಲ್ಲಿ ಮಾಡಿಕೊಳ್ಳಬಹುದು. ಅರ್ಧ ಲೋಟ ನೀರಿಗೆ ಕಾಲು ಚಮಚ ಅರಿಶಿನ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸುವುದು ಸುಲಭದ ದಾರಿ. ಆದರೆ ಅರಿಶಿನದ ಬಣ್ಣ ನೀರಿನಲ್ಲಿ ಕರಗಲೊಲ್ಲದು. ನೀರಿನಲ್ಲಿ ನಮಗೆ ಕಾಣುವುದು ಹೆಚ್ಚಿನಂಶ ತೇಲುವ ಪುಡಿಯೇ. ಎಣ್ಣೆಯಲ್ಲಿಯೂ ಆಲ್ಕೋಹಾಲಿನಲ್ಲಿಯೂ ಅದು ಚೆನ್ನಾಗಿ ಕರಗುತ್ತದೆ, ಒಗ್ಗರಣೆಗೆ ಅರಿಶಿನ ಬಿದ್ದೊಡನೆ ಎಣ್ಣೆಯೆಲ್ಲ ಬಂಗಾರದ ಬಣ್ಣವಾಗುವುದು ಅದಕ್ಕೇ. ಆದ್ದರಿಂದ ಗಾಯ ಒರೆಸುವ ಸರ್ಜಿಕಲ್ ಸ್ಪಿರಿಟ್ ಅಥವಾ ನೀರಿನಂತೆ ತೆಳುವಾಗಿರುವ ಸ್ಯಾನಿಟೈಸರ್ ಮನೆಯಲ್ಲಿದ್ದರೆ, ಅದರ ನಾಲ್ಕು ಚಮಚಕ್ಕೆ ಅರ್ಧ ಚಮಚ ಅರಿಶಿನ ಕಲಸಿ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ತೆಗೆದುಕೊಳ್ಳುವುದು ಉತ್ತಮ. ಜೆಲ್ ಬೇಡ. ಈ ದ್ರವಕ್ಕೆ ಬೆಂಕಿ ಬೇಗ ಹತ್ತುವುದರಿಂದ ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರವಿರಬಾರದು. ಪೊಟ್ಟಣದ ಪುಡಿಯಲ್ಲಿ ಬೇರೆ ಬಣ್ಣ ಬೆರೆತಿರಬಹುದೆಂಬ ಅನುಮಾನವಿದ್ದರೆ ಅರಿಶಿನದ ಕೊಂಬನ್ನು ಸಾಣೆಕಲ್ಲಿನ ಮೇಲೆ ತೇಯ್ದುಕೊಳ್ಳಿ. ಮಕ್ಕಳಿಗೆ ತೇಯುವ ಕೆಲಸ ಬಹಳ ಇಷ್ಟವಾಗುತ್ತದೆ.

ಇನ್ನು ಪ್ರಯೋಗ. ಒಂದು ಬಟ್ಟಲಿಗೆ ಸೋಸಿದ ಬರಿಯ ನೀರು ಒಂದು ಚಮಚ, ಇನ್ನೊಂದಕ್ಕೆ ಸುಣ್ಣದ ತಿಳಿ ಒಂದು ಚಮಚ ಹಾಕಿ ಅಕ್ಕಪಕ್ಕ ಇಡಿ. ಎರಡೂ ಒಂದೇ ರೀತಿ ಕಾಣುತ್ತವೆ. ಯಾವುದು ಯಾವುದೆಂದು ಮಗುವಿಗೆ ತಿಳಿಸದೆ, ಎರಡಕ್ಕೂ ಅರಿಶಿನದ ದ್ರವವನ್ನು ಐದೈದು ಹನಿ ಬಿಡಲು ಹೇಳಿ. ಮೊದಲ ಹನಿಯನ್ನು ಮುಖ ತೀರ ಬಗ್ಗಿಸದೆ ಗಮನವಿಟ್ಟು ನೋಡಬೇಕು. ಸುಣ್ಣದ ತಿಳಿಗೆ ಬಿದ್ದ ಹನಿ ಒಂದು ಕ್ಷಣ ನಡುವಿನಲ್ಲಿ ಹಳದಿಯಾಗಿಯೇ ಇದ್ದು, ಅಂಚಿನಿಂದ ಮೊದಲು ಕಿತ್ತಳೆಗೆ, ಬಳಿಕ ದಾಳಿಂಬೆ ರಸದಂತಹ ಕೆಂಪಿಗೆ ತಿರುಗುತ್ತದೆ. ಕೆಂಪಿನ ಎಳೆಗಳು ಹೊಗೆಯಂತೆ ಸುತ್ತಿ ತಳಕ್ಕಿಳಿಯುತ್ತವೆ. ಬರಿಯ ನೀರಿಗೆ ಬಿದ್ದ ಹನಿ ಹಳದಿಯ ಮೋಡವಾಗಿ ಹರಡಿ ಹಾಗೆಯೇ ನಿಲ್ಲುತ್ತದೆ. ಬರಿಯ ನೀರೂ ಕಿತ್ತಳೆಯ ಕಡೆಗೆ ವಾಲಿದರೆ ಗಾಬರಿ ಬೇಡ, ಕೆಲವು ಕೊಳವೆಬಾವಿಗಳ ನೀರು ತಾನೇ ಸ್ವಲ್ಪ ಕ್ಷಾರೀಯವಾಗಿರುತ್ತದೆ, ಅಂದರೆ ಸುಣ್ಣದ ಗುಣ ಅದರಲ್ಲಿ ತುಸು ಇರುತ್ತದೆ. ಹಾಗಾದಲ್ಲಿ ಹಿಡಿದಿಟ್ಟ ಮಳೆನೀರನ್ನೋ ಫಿಲ್ಟರ್ ನೀರನ್ನೋ ಬಳಸಿ ಮತ್ತೊಮ್ಮೆ ಮಾಡಿ.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತುವಿನ ಹೆಸರು ಕರ್ಕ್ಯುಮಿನ್. ಫೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1815ರಲ್ಲಿ. ಇದರ ಅಣುವಿನಲ್ಲಿ ಸುಲಭವಾಗಿ ಬಿಟ್ಟುಕೊಡಬಹುದಾದ ಹೈಡ್ರೋಜನ್‌ಗಳಿವೆ. ಹುಳಿ ಪದಾರ್ಥಗಳು, ಅಂದರೆ ಆಮ್ಲಗಳು, ನೀರಿನಲ್ಲಿ ಹೈಡ್ರೋಜನ್ ಅಯಾನನ್ನು, ಅಂದರೆ ವಿದ್ಯುದಂಶ ಹೊತ್ತ ಹೈಡ್ರೋಜನ್ ಕಣವನ್ನು, ಬಿಟ್ಟುಕೊಡುತ್ತವೆ. ಸುಣ್ಣ, ಸೋಡಾ, ಸೋಪಿನಂತಹ ಪ್ರತ್ಯಾಮ್ಲಗಳು ಅದನ್ನು ಕಸಿದುಕೊಳ್ಳುತ್ತವೆ. ಹೈಡ್ರೋಜನ್ ಇರುವಷ್ಟು ಕಾಲ ಕರ್ಕ್ಯುಮಿನ್ ಬೆಳಕಿನಲ್ಲಿರುವ ನೇರಳೆ ನೀಲಿ ಭಾಗವನ್ನು ಹೀರಿಕೊಂಡು ನಮಗೆ ಹಳದಿಯಾಗಿ ಕಾಣುತ್ತದೆ, ಅದನ್ನು ಕಳೆದುಕೊಂಡಾಗ ಹಸಿರಿನ ಕಡೆಯ ಬೆಳಕನ್ನೂ ಹೀರತೊಡಗುವುದರಿಂದ ಕೆಂಪು ಉಳಿಯುತ್ತದೆ. ಹೀಗೆ ಆಮ್ಲ ಪ್ರತ್ಯಾಮ್ಲಗಳನ್ನು ಬಣ್ಣದಿಂದ ತೋರಿಸಿಕೊಡುವ ವಸ್ತುವಿಗೆ ಸೂಚಕ ಎಂದು ಹೆಸರು. ಹತ್ತು ವರ್ಷದ ಮಗುವಿಗೆ ‘ಸುಣ್ಣ ಅರಿಶಿನದಿಂದ ಒಂದು ಚೂರು ಕಿತ್ತುಕೊಂಡಿತು, ನಿಂಬೆ ಅದನ್ನು ವಾಪಸು ಕೊಡುತ್ತದೆ’ ಎಂದರೆ ಸಾಕು, ಅದು ಸುಳ್ಳಂತೂ ಅಲ್ಲ.

ವಾಪಸು ಕೊಡಿಸುವ ಭಾಗವೇ ಈ ಪ್ರಯೋಗದ ಜೀವ. ನಿಂಬೆರಸ ಒಂದು ಚಮಚಕ್ಕೆ ನೀರು ಮೂರು ಚಮಚ ಬೆರೆಸಿ ಇಟ್ಟುಕೊಳ್ಳಿ. ಹಾಗೆ ತೆಳುವಾಗಿಸದಿದ್ದರೆ ಐದಾರು ಹನಿಗೇ ಕೆಲಸ ಮುಗಿದು ಎಣಿಸುವ ಸೊಗಸು ಉಳಿಯುವುದಿಲ್ಲ. ಕೆಂಪಾದ ಬಟ್ಟಲಿಗೆ ಇದನ್ನು ಒಂದೊಂದೇ ಹನಿ ಬಿಡುತ್ತ, ಪ್ರತಿ ಹನಿಯ ಬಳಿಕ ಬಟ್ಟಲನ್ನು ಮೆಲ್ಲಗೆ ತಿರುಗಿಸುತ್ತ ಗಟ್ಟಿಯಾಗಿ ಎಣಿಸಲಿ. ಮೊದಮೊದಲು ಹನಿ ಬಿದ್ದ ಜಾಗದಲ್ಲಿ ಮಾತ್ರ ಹಳದಿ ಚುಕ್ಕೆ ಮೂಡಿ, ತಿರುಗಿಸಿದಾಗ ಮಾಯವಾಗುತ್ತದೆ. ಹೋಗುತ್ತ ಹೋಗುತ್ತ ಚುಕ್ಕೆ ಅಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಕೊನೆಗೊಮ್ಮೆ ಒಂದೆರಡು ಹನಿಗಳ ಅಂತರದಲ್ಲಿ ಇಡೀ ಬಟ್ಟಲು ಹಳದಿಯಾಗಿಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ಹನಿ ಬೇಕು. ಹಣ್ಣಿನ ಹುಳಿ ಮತ್ತು ಡ್ರಾಪರಿನ ಬಾಯಿಯ ಅಗಲಕ್ಕೆ ತಕ್ಕಂತೆ ಹತ್ತಾರು ಹನಿ ಆಚೀಚೆ ಆಗಬಹುದು. ಸಂಖ್ಯೆಯನ್ನು ಮಗು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಈಗ ಎರಡು ಚಮಚ ಸುಣ್ಣದ ತಿಳಿ ತೆಗೆದುಕೊಂಡರೆ ಎಷ್ಟು ಹನಿ ಬೇಕಾದೀತು ಎಂದು ಕೇಳಿ, ಮಗುವಿನ ಊಹೆಯನ್ನು ಮೊದಲು ಬರೆಯಿಸಿ, ಆಮೇಲೆ ಮಾಡಿಸಿ. ಸುಮಾರು ಇಮ್ಮಡಿಯಾಗುತ್ತದೆ. ಇಪ್ಪತ್ತೆರಡಕ್ಕೆ ನಲವತ್ತನಾಲ್ಕೇ ಬರಬೇಕೆಂದೇನಿಲ್ಲ, ನಲವತ್ತೊಂದು ಬಂದರೆ ನಲವತ್ತೊಂದೆಂದೇ ಬರೆಯಬೇಕು. ತಾಳೆಯಾಗಲೆಂದು ಅಂಕಿ ತಿದ್ದುವ ಚಾಳಿಯನ್ನು ಇಲ್ಲಿಯೇ ತಡೆಯುವುದು ಒಳ್ಳೆಯದು. ಪ್ರಯೋಗಾಲಯಗಳಲ್ಲಿ ಬ್ಯುರೆಟ್ ಎಂಬ ಗಾಜಿನ ನಳಿಗೆ ಹಿಡಿದು ಮಾಡುವ ಅನುಮಾಪನವೂ ಇದೇ ಲೆಕ್ಕ. ಹುಳಿ ಮತ್ತು ಸುಣ್ಣ ಪರಸ್ಪರ ತೀರಿಸಿಕೊಂಡು ನೀರು ಮತ್ತು ಲವಣವಾಗುವುದನ್ನು ಪಠ್ಯಪುಸ್ತಕಗಳು ತಟಸ್ಥೀಕರಣ ಎನ್ನುತ್ತವೆ.

ಒಂದು ಎಚ್ಚರಿಕೆ: ಕೆಂಪಾದ ನೀರನ್ನು ಹಾಗೆಯೇ ಬಿಟ್ಟು ಊಟಕ್ಕೆ ಎದ್ದು ಹೋಗಬಾರದು. ಪ್ರತ್ಯಾಮ್ಲದಲ್ಲಿ ಕರ್ಕ್ಯುಮಿನ್ ಬಹಳ ಹೊತ್ತು ಬಾಳುವುದಿಲ್ಲ, ನಿಧಾನವಾಗಿ ಒಡೆದು ಕಂದಾಗುತ್ತದೆ; ಹಾಗಾದ ಮೇಲೆ ಎಷ್ಟು ನಿಂಬೆ ಹಿಂಡಿದರೂ ಮೊದಲಿನ ಹಳದಿ ಪೂರ್ತಿಯಾಗಿ ಮರಳುವುದಿಲ್ಲ. ಆರತಿಯ ನೀರನ್ನು ಆಯಾ ಹೊತ್ತಿಗೆ ಕದಡಿಕೊಳ್ಳುವ ರೂಢಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಮುಂದಿನ ಸರದಿ ಅಡುಗೆ ಸೋಡಾದ್ದು. ಒಂದು ಚಮಚ ನೀರಿಗೆ ಚಿಟಿಕೆ ಸೋಡಾ ಕರಗಿಸಿ ಅರಿಶಿನ ಬಿಟ್ಟರೆ ಸುಣ್ಣದ್ದರಂತಹ ಕೆಂಪು ಬರದೆ ಮಂಕು ಕಿತ್ತಳೆಯಲ್ಲಿ ನಿಂತುಬಿಡುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬಿಯರ್ ತಯಾರಿಕೆಯ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ಮುಂದಿಟ್ಟ ಪಿಎಚ್ ಮಾನದಲ್ಲಿ ಶುದ್ಧ ನೀರು 7ರಲ್ಲಿದೆ, ಹುಳಿ ಹೆಚ್ಚಿದಂತೆ ಅಂಕಿ ಇಳಿಯುತ್ತದೆ, ಪ್ರತ್ಯಾಮ್ಲ ಹೆಚ್ಚಿದಂತೆ ಏರುತ್ತದೆ. ಅರಿಶಿನ ಬಣ್ಣ ಬದಲಿಸುವುದು ಸುಮಾರು 7.4ರಿಂದ 8.6ರ ನಡುವೆ. ಸುಣ್ಣದ ತಿಳಿ 12ನ್ನು ದಾಟಿರುವುದರಿಂದ ಅಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಸೋಡಾ ನೀರು ಮಾತ್ರ 8.3ರ ಸುತ್ತಮುತ್ತ ಹೊಸ್ತಿಲ ಮೇಲೆಯೇ ನಿಂತಿದೆ. ಇದನ್ನು ಹೊಸ್ತಿಲು ದಾಟಿಸುವ ಉಪಾಯವೂ ಅಡುಗೆಮನೆಯಲ್ಲಿಯೇ ಇದೆ. ಅರ್ಧ ಲೋಟ ಸೋಡಾ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ, ಕುದಿಸದ ಸೋಡಾ ನೀರಿನ ಪಕ್ಕದಲ್ಲಿಟ್ಟು ಎರಡಕ್ಕೂ ಅರಿಶಿನ ಬಿಡಿ. ಕುದಿಸಿದ್ದು ಸ್ಪಷ್ಟವಾಗಿ ಹೆಚ್ಚು ಕೆಂಪಾಗುತ್ತದೆ. ಕಾವಿಗೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಅಡುಗೆ ಸೋಡಾದ ಒಂದು ಪಾಲು ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಆಗಿರುತ್ತದೆ. ಈ ಕುದಿಸುವ ಪ್ರಯೋಗವನ್ನು ಅಷ್ಟಾಗಿ ಯಾರೂ ಮಾಡಿಸುವುದಿಲ್ಲ. ನನಗಂತೂ ಸುಣ್ಣದ ಕೆಂಪಿಗಿಂತ ಇದೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಇಲ್ಲಿ ಏನನ್ನೂ ಹೊಸದಾಗಿ ಸೇರಿಸಿಲ್ಲ.

ಅರಿಶಿನದ ದ್ರವ ಉಳಿದಿದ್ದರೆ ಒರಟು ಬಿಳಿ ಕಾಗದವನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳನ್ನಾಗಿ ಕತ್ತರಿಸಿ ಡಬ್ಬಿಯಲ್ಲಿ ಮುಚ್ಚಿಡಬಹುದು. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ. ಈ ಪಟ್ಟಿಗಳನ್ನು ಹಿಡಿದು ಮಗು ಮನೆಯನ್ನೆಲ್ಲ ಪರೀಕ್ಷಿಸಲಿ: ಸೋಪಿನ ನೀರು, ಬಟ್ಟೆ ಒಗೆಯುವ ಪುಡಿ, ಶಾಂಪೂ, ಮಜ್ಜಿಗೆ, ಹುಣಸೆ ಹುಳಿ, ಅಕ್ಕಿ ತೊಳೆದ ನೀರು. ಸೌದೆ ಒಲೆಯ ಬೂದಿ ಸಿಕ್ಕರೆ ಅದನ್ನು ನೀರಿನಲ್ಲಿ ಕದಡಿ ಬಸಿದ ತಿಳಿಯನ್ನೂ ನೋಡಬೇಕು. ಪಟ್ಟಿ ಕೆಂಪಾದಾಗ, ಹಿಂದೆ ಪಾತ್ರೆಯ ಜಿಡ್ಡು ತೆಗೆಯಲು ಬೂದಿ ಏಕೆ ಒದಗುತ್ತಿತ್ತೆಂಬುದೂ ತಿಳಿಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ದ್ರವಗಳನ್ನು ಈ ಪರೀಕ್ಷೆಯಿಂದ ದೂರವಿಡಿ. ಅವೆರಡೂ ಒಂದಕ್ಕೊಂದು ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.

ಈ ಪಟ್ಟಿಗೊಂದು ಕೊರತೆಯೂ ಇದೆ. ನಿಂಬೆರಸಕ್ಕೂ ಹಳದಿ, ಬರಿಯ ನೀರಿಗೂ ಹಳದಿ. ಹುಳಿಯನ್ನು ನೀರಿನಿಂದ ಬೇರೆಯೆಂದು ಅರಿಶಿನ ಹೇಳಲಾರದು. ಜಾಣ ಮಗು ಇದನ್ನು ತಾನಾಗಿಯೇ ಹಿಡಿದರೆ ಅಂಗಳದ ಕೆಂಪು ದಾಸವಾಳವನ್ನು ಕರೆತರುವ ಹೊತ್ತು ಬಂತೆಂದು ತಿಳಿಯಬೇಕು. ಮೂರು ನಾಲ್ಕು ಹೂವಿನ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ಬರುವ ರಸವು ಹುಳಿಗೆ ಗಾಢ ಗುಲಾಬಿಯಾಗಿಯೂ ಸುಣ್ಣಕ್ಕೆ ಹಸಿರಾಗಿಯೂ ತಿರುಗುತ್ತದೆ. ಹೂವಿನ ಬಣ್ಣದಿಂದ ಹುಳಿಯನ್ನು ಗುರುತಿಸುವ ಈ ಉಪಾಯ ಹಳೆಯದು. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1664ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತಾದ ಪುಸ್ತಕದಲ್ಲಿ ವಯೋಲೆಟ್ ಹೂವಿನ ಪಾಕದಿಂದ ಹೀಗೆಯೇ ಮಾಡಿದ್ದನ್ನು ವಿವರಿಸಿದ್ದಾನೆ.

ಸುಣ್ಣದ ತಿಳಿ ಇನ್ನೂ ಉಳಿದಿರುತ್ತದೆ. ಅದಕ್ಕೆ ಕೊಳವೆಯಿಂದ ಉಸಿರೂದಿ ಹಾಲಿನಂತೆ ಮಾಡಿಸುವುದು ಶಾಲೆಗಳಲ್ಲಿ ರೂಢಿ. ಮನೆಯಲ್ಲಿ ನಾನು ಇದನ್ನು ಮಾಡಿಸುವುದಿಲ್ಲ, ಮಕ್ಕಳು ಊದುವ ಬದಲು ಒಮ್ಮೆ ಹೀರಿದರೂ ಬಾಯಿ ಗಂಟಲು ಸುಟ್ಟೀತು. ಬದಲಿಗೆ ಅಂಗಡಿಯ ಸಪ್ಪೆ ಸೋಡಾವನ್ನು ಬಳಸಬಹುದು, ಅದರ ಗುಳ್ಳೆಗಳಲ್ಲಿರುವುದೂ ಉಸಿರಿನಲ್ಲಿರುವ ಅದೇ ಇಂಗಾಲದ ಡೈಆಕ್ಸೈಡ್. ಗಾಜಿನ ಲೋಟದಲ್ಲಿ ನಾಲ್ಕು ಚಮಚ ಸುಣ್ಣದ ತಿಳಿ ಇಟ್ಟು, ಸೋಡಾವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಬಂದರೆ ತಿಳಿ ಮೊದಲು ಹಾಲಿನಂತಾಗುತ್ತದೆ. ಸುಣ್ಣವು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಎಂದರೆ ಸುಣ್ಣದ ಕಲ್ಲಿನ ವಸ್ತುವೇ ಆಗಿ ಹೊರಬೀಳುತ್ತದೆ. ನಿಲ್ಲಿಸದೆ ಸುರಿಯುತ್ತ ಹೋದರೆ ಆ ಬಿಳುಪು ಕರಗಿ ಮತ್ತೆ ತಿಳಿಯಾಗುತ್ತದೆ. ಹಾಗೆ ತಿಳಿಯಾದದ್ದನ್ನು ಕುದಿಸಿದರೆ ಪುನಃ ಬೆಳ್ಳಗಾಗುತ್ತದೆ, ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳಿಕೆ ಹುಟ್ಟುವುದು ಹೀಗೆಯೇ. ಸೋಡಾ ಸಿಗದಿದ್ದರೆ ಒಂದು ತಟ್ಟೆಯಲ್ಲಿ ಸುಣ್ಣದ ತಿಳಿಯನ್ನು ತೆರೆದಿಟ್ಟು ಮರುದಿನ ನೋಡಿದರೂ ಆದೀತು. ಗಾಳಿಯಲ್ಲಿರುವ ಅಲ್ಪ ಇಂಗಾಲದ ಡೈಆಕ್ಸೈಡಿಗೇ ಮೇಲ್ಮೈಯಲ್ಲಿ ಕೆನೆಯಂತಹ ತೆಳು ಪೊರೆ ಕಟ್ಟಿರುತ್ತದೆ; ಗೋಡೆಗೆ ಬಳಿದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಈ ಬಗೆಯಲ್ಲಿಯೇ.

ಎಲ್ಲ ಮುಗಿದ ಮೇಲೆ ಬಟ್ಟಲುಗಳಲ್ಲಿ ಉಳಿದದ್ದನ್ನು ಒಟ್ಟಿಗೆ ಸೇರಿಸಿ, ಧಾರಾಳವಾಗಿ ನೀರು ಬೆರೆಸಿ ಬಚ್ಚಲಿಗೆ ಹಾಕಬಹುದು. ಬಾಟಲಿಯ ತಳದ ಗಸಿಯನ್ನು ಬಚ್ಚಲ ಕೊಳವೆಗೆ ಸುರಿಯಬಾರದು, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಕೈಯನ್ನು ಮೊದಲು ಬರಿಯ ನೀರಿನಲ್ಲಿ ತೊಳೆದು ಆಮೇಲೆ ಸೋಪು ಹಚ್ಚುವಾಗ ಬೆರಳ ಸಂದಿಯ ಅರಿಶಿನ ಮತ್ತೊಮ್ಮೆ ಕೆಂಪಾಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಅಂಗಿಗೆ ಹನಿ ಬಿದ್ದಿದ್ದರೆ ಸೋಪಿನಿಂದ ಒಗೆದು, ಕೆಂಪೆಲ್ಲ ಹಳದಿಗೆ ಮರಳುವಂತೆ ಚೆನ್ನಾಗಿ ಜಾಲಾಡಿ, ಒದ್ದೆಯಿರುವಾಗಲೇ ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬೆಳಕನ್ನು ತಾಳಲಾರದು. ಸೋಪಿಗೆ ಜಗ್ಗದ ಕಲೆ ಎರಡು ದಿನದ ಬಿಸಿಲಿಗೆ ಬಹುಮಟ್ಟಿಗೆ ಮಾಸುತ್ತದೆ.